ಹೊಳೆಯ ಈಜು, ಕಡಲಿನ ಉಸಿರು

ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿ ಕೃಷ್ಣೆ ಊರಿನ ಅಂಚಿಗೇ ಹರಿಯುತ್ತಾಳೆ. ಆಚೆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿಯ ಕೋಪೇಶ್ವರ ಗುಡಿ. ಇಂಥ ಊರುಗಳ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಡಬ್ಬಿಯನ್ನೋ ಕಟ್ಟಿಕೊಂಡು ನೀರಿಗೆ ಬೀಳುತ್ತಾರೆ, ಒಂದೆರಡು ಬೇಸಿಗೆ ಕಳೆಯುವುದರೊಳಗೆ ಅದನ್ನು ಬಿಚ್ಚಿಟ್ಟು ಈಜುತ್ತಾರೆ. ಆಮೇಲಿನ ಪಂದ್ಯವೆಂದರೆ ಮುಳುಗುವುದು. ಯಾರು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯುತ್ತಾರೋ, ಯಾರು ತಳ ಮುಟ್ಟಿ ಒಂದು ಹಿಡಿ ಉಸುಕು ಮೇಲೆ ತಂದು ತೋರಿಸುತ್ತಾರೋ ಅವರು ಗೆದ್ದಂತೆ.

ಅದೇ ಹುಡುಗ ದೊಡ್ಡವನಾಗಿ ಮುರುಡೇಶ್ವರಕ್ಕೋ ಮಾಲವಣಕ್ಕೋ ಹೋಗಿ, ಬೆನ್ನಿಗೆ ಸಿಲಿಂಡರ್ ಏರಿಸಿ ಸಮುದ್ರಕ್ಕೆ ಇಳಿದಾಗ, ಹೊಳೆಯಲ್ಲಿ ಅವನನ್ನು ಗೆಲ್ಲಿಸಿದ ಆ ರೂಢಿಯೇ ಅವನ ಜೀವಕ್ಕೆ ಮುಳುವಾಗಬಹುದು. ಸ್ಕೂಬಾದ ಮೊದಲ ನಿಯಮ ಒಂದೇ: ನೀರಿನೊಳಗೆ ಎಂಥ ಹೊತ್ತಿನಲ್ಲೂ ಉಸಿರು ಕಟ್ಟಬಾರದು. ಈಜು ಬಾರದವನಿಗೆ ಈ ನಿಯಮ ಹೊಸ ಪಾಠ, ಹೇಳಿದಂತೆ ಕಲಿಯುತ್ತಾನೆ. ಹೊಳೆದಂಡೆಯವನು ಮಾತ್ರ ಮೈಗಂಟಿದ ಹಳೆಯ ಪಾಠವನ್ನು ಮರೆತು ಇದನ್ನು ಕಲಿಯಬೇಕು. ಕೃಷ್ಣಾ ತೀರದ ಯುವಕರಿಗೆ ಸ್ಕೂಬಾ ಕಲಿಸುವವರು, ಕಲಿಸಬೇಕಾದ ಸರ್ಕಾರ ಮತ್ತು ಕಲಿಯಹೊರಟ ಯುವಕರು ಈ ವ್ಯತ್ಯಾಸವನ್ನು ಎಷ್ಟು ಬೇಗ ಅರಿತರೆ ಅಷ್ಟು ಒಳ್ಳೆಯದು.

ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂತು. ಅದರಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದ ದೃಶ್ಯಗಳನ್ನು ಕಂಡ ಮೇಲೆ, ನಮ್ಮದೇ ಕಡಲಿನಲ್ಲಿ ಇಂಥದ್ದೊಂದು ಲೋಕವಿದೆ ಎಂದು ಬಯಲುಸೀಮೆಯ ಎಷ್ಟೋ ಜನರಿಗೆ ಗೊತ್ತಾಯಿತು. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು ತಾಸಿಗೂ ಹೆಚ್ಚಿನ ದಾರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯವರಿಗೆ ಇದಕ್ಕಿಂತ ಹತ್ತಿರದ್ದು ಸಿಂಧುದುರ್ಗ ಜಿಲ್ಲೆಯ ಮಾಲವಣ ಮತ್ತು ತಾರಕರ್ಲಿ. ನಿಪ್ಪಾಣಿಯಿಂದ ಆಜರಾ, ಅಂಬೋಲಿ ಘಾಟು, ಸಾವಂತವಾಡಿ ದಾಟಿದರೆ ಕಡಲು.

ಹೀಗೆ ಹೋದವರಲ್ಲಿ ಬಹುತೇಕರು ಮಾಡುವುದು ‘ಟ್ರೈ ಡೈವ್’. ದೋಣಿಯಲ್ಲೇ ಹತ್ತು ಹದಿನೈದು ನಿಮಿಷದ ಸೂಚನೆ, ಆಮೇಲೆ ಅರ್ಧ ತಾಸಿನ ಒಳಗೆ ಮುಗಿಯುವ ಒಂದು ಮುಳುಗು. ತರಬೇತುದಾರ ಹಿಂದಿನಿಂದ ಸಿಲಿಂಡರ್ ಹಿಡಿದೇ ಇರುತ್ತಾನೆ. ಆಳ 12 ಮೀಟರ್ ದಾಟುವಂತಿಲ್ಲ. ಫೋಟೊ, ವಿಡಿಯೊ ಕೈಗೆ ಬರುತ್ತವೆ. ಸಂತೋಷಕ್ಕೆ ಇಷ್ಟು ಸಾಕು, ಆದರೆ ಇದರಿಂದ ಸ್ಕೂಬಾ ಬಂತು ಎಂದುಕೊಳ್ಳುವಂತಿಲ್ಲ. ‘ಓಪನ್ ವಾಟರ್’ ಎಂಬ ಮೊದಲ ಹಂತದ ಪೂರ್ಣ ತರಬೇತಿಗೆ ಮೂರು ನಾಲ್ಕು ದಿನ ಬೇಕು. ಅದರಲ್ಲಿ ಪಾಠವಿದೆ, ಈಜುಕೊಳದ ಅಭ್ಯಾಸವಿದೆ, ಸಮುದ್ರದಲ್ಲಿ ನಾಲ್ಕು ಮುಳುಗುಗಳಿವೆ. ಮುಗಿಸಿದವರು 18 ಮೀಟರ್ ತನಕ ಜೊತೆಗಾರನೊಡನೆ ಹೋಗಬಹುದು. ತರಬೇತಿಯಲ್ಲಿ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ಜುಗೂಳದ ಹುಡುಗನಿಗೆ ಇದು ಪರೀಕ್ಷೆಯೇ ಅಲ್ಲ. ಅಷ್ಟು ಸುಲಭವಾಗಿ ಪಾಸಾದ ಕಾರಣಕ್ಕೇ ಕಷ್ಟದ ಭಾಗ ಮುಗಿಯಿತು ಎಂದು ಅವನು ತಿಳಿದುಬಿಡುತ್ತಾನೆ.

ಕಷ್ಟ ಶುರುವಾಗುವುದು ಉಸಿರಿನಿಂದ. ಮೇಲಿನ ಗಾಳಿ ನಮ್ಮ ಮೈಮೇಲೆ ಹೇರುವ ಒತ್ತಡವನ್ನು ಒಂದು ಪಾಲು ಎಂದುಕೊಂಡರೆ, ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಅಷ್ಟೇ ಒತ್ತಡದ ಇನ್ನೊಂದು ಪಾಲು ಸೇರುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಹೊಳೆಯಲ್ಲಿ ಮುಳುಗುವವನು ದಂಡೆಯ ಗಾಳಿಯನ್ನು ಎದೆತುಂಬಿಕೊಂಡು ಒಳಗೆ ಹೋಗುತ್ತಾನೆ. ಆಳಕ್ಕೆ ಹೋದಂತೆ ಆ ಗಾಳಿ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಎದೆಗೂಡಿಗೆ ತೊಂದರೆಯಿಲ್ಲ. ಸಿಲಿಂಡರ್ ಹೊತ್ತವನು ಉಸಿರಾಡುವುದು ತಾನಿರುವ ಆಳದ ಒತ್ತಡಕ್ಕೆ ಸರಿಯಾದ ಗಾಳಿಯನ್ನು. 10 ಮೀಟರ್ ಆಳದಲ್ಲಿ ಐದು ಲೀಟರ್ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲಕ್ಕೆ ಬಂದರೆ, ಅದು ಹತ್ತು ಲೀಟರ್ ಆಗಲು ಹೊರಡುತ್ತದೆ. ಅಷ್ಟಕ್ಕೆ ಎದೆಯಲ್ಲಿ ಜಾಗವಿಲ್ಲ. ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿಗೂ ಹೋಗಬಹುದು. ಇದಕ್ಕೆ ಹತ್ತು ಮೀಟರ್ ಏರಬೇಕೆಂದೂ ಇಲ್ಲ. ತುಂಬಿದ ಎದೆಯಲ್ಲಿ ಉಸಿರು ಕಟ್ಟಿದರೆ ಒಂದೂವರೆ ಮೀಟರಿನ ಏರಿಕೆಯೂ ಸಾಕು. ಗಾಬರಿಯಾದಾಗ ಬಾಯಿ ಬಿಗಿದು ಮೇಲಕ್ಕೆ ಚಿಮ್ಮುವುದೇ ಹೊಳೆ ಈಜುಗಾರನ ಸ್ವಭಾವ. ಅಂಥವನಿಗೆ ಮೊದಲ ದಿನವೇ, ದಂಡೆಯ ಮೇಲೆಯೇ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಬಾಯಿಗಿಟ್ಟು ನಿಧಾನಕ್ಕೆ ಉಸಿರು ಬಿಡುವುದನ್ನು ಸಾಕಷ್ಟು ಸಲ ಮಾಡಿಸಬೇಕು. ಯಾವ ಕಾರಣಕ್ಕೋ ರೆಗ್ಯುಲೇಟರ್ ಬಾಯಿಂದ ಜಾರಿದರೆ, ಅದನ್ನು ಹುಡುಕಿ ಬಾಯಿಗಿಡುವ ತನಕ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು. ಈ ಒಂದು ಅಭ್ಯಾಸಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕ ಎಂಬ ನಂಬಿಕೆಯನ್ನೂ ಇಲ್ಲೇ ತೆಗೆದುಹಾಕಬೇಕು. ಅದು ನಾವು ದಿನವೂ ಉಸಿರಾಡುವ ಗಾಳಿಯೇ. ಸೋಸಿ, ಒತ್ತಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕ ಆರು ಮೀಟರ್ ಆಳ ದಾಟಿದರೆ ದೇಹಕ್ಕೆ ವಿಷವಾಗಿ, ನೀರಿನೊಳಗೇ ಫಿಟ್ಸ್ ತರಬಲ್ಲದು. ಆಸ್ಪತ್ರೆಯದ್ದೋ ವೆಲ್ಡಿಂಗ್ ಅಂಗಡಿಯದ್ದೋ ಸಿಲಿಂಡರ್ ಕಟ್ಟಿಕೊಂಡು ಬಾವಿಗೆ ಇಳಿಯುವ ಸಾಹಸವನ್ನು ಯಾರೂ ಮಾಡಬಾರದು.

ಎರಡನೆಯ ಪಾಠ ಕಿವಿಯದು. ಮಡುವಿನ ತಳಕ್ಕೆ ಹೋದ ಪ್ರತಿಯೊಬ್ಬನಿಗೂ ಆ ನೋವು ಗೊತ್ತು. ಕಿವಿಯೊಳಗೆ ಸೂಜಿ ಚುಚ್ಚಿದಂತಾಗುತ್ತದೆ, ಹಲ್ಲು ಕಚ್ಚಿ ತಡೆದುಕೊಂಡವನು ಗಟ್ಟಿಗ ಎನಿಸಿಕೊಳ್ಳುತ್ತಾನೆ. ಹೊಳೆಯಲ್ಲಿ ಆ ನೋವು ಕೆಲವು ಸೆಕೆಂಡಿನದು. ಸ್ಕೂಬಾದಲ್ಲಿ ಅದೇ ಆಳದಲ್ಲಿ ಅರ್ಧ ತಾಸು ಇರಬೇಕು, ಅಲ್ಲಿ ಹಲ್ಲು ಕಚ್ಚಿದರೆ ಕಿವಿತಮಟೆ ಹರಿಯುತ್ತದೆ. ಮೂಗು ಹಿಡಿದು ಮೆತ್ತಗೆ ಊದಿ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುವುದು ಸರಳ ಉಪಾಯ. ಅನುಭವಿಗಳು ಅದನ್ನು ನೋವು ಶುರುವಾಗುವ ಮೊದಲೇ ಮಾಡುತ್ತಾರೆ. ತಲೆ ಮುಳುಗಿದ ಕೂಡಲೆ ಒಮ್ಮೆ, ಆಮೇಲೆ ಪ್ರತಿ ಮೀಟರಿಗೆ ಒಮ್ಮೆಯಾದರೂ. ಗಾಳಿಯ ಗಾತ್ರ ಎಲ್ಲಕ್ಕಿಂತ ಹೆಚ್ಚು ಬದಲಾಗುವುದು ಮೊದಲ ಹತ್ತು ಮೀಟರಿನಲ್ಲಿ. ಕಿವಿಗೆ ಪೆಟ್ಟು ಬೀಳುವುದೂ ಅಲ್ಲೇ. ಕಿವಿ ತೆರೆಯದಿದ್ದರೆ ಜೋರಾಗಿ ಊದಬಾರದು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಆಗಲೂ ತೆರೆಯದಿದ್ದರೆ ಆ ದಿನದ ಮುಳುಗು ಅಲ್ಲಿಗೆ ಮುಗಿಯಿತು.

ನೆಗಡಿ ಇದ್ದಾಗ ಇಳಿಯಲೇಬಾರದು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ನೀರಿನೊಳಗಿರುವಾಗಲೇ ಮಾತ್ರೆಯ ಪ್ರಭಾವ ಇಳಿದರೆ ಗಾಳಿ ಒಳಗೇ ಸಿಕ್ಕಿಬಿದ್ದು, ಮೇಲೆ ಬರುವ ಹೊತ್ತಿಗೆ ಕಿವಿ, ಹಣೆ ಒಡೆದುಹೋಗುವಂಥ ನೋವು ಬರುತ್ತದೆ. ಊರಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದವನಿಗೆ, ದುಡ್ಡು ಮೊದಲೇ ಕಟ್ಟಿದವನಿಗೆ, ಗೆಳೆಯರೆಲ್ಲ ಇಳಿಯುತ್ತಿರುವಾಗ ತಾನೊಬ್ಬ ದೋಣಿಯಲ್ಲಿ ಕೂರುವುದು ನಿಜಕ್ಕೂ ಕಷ್ಟ. ಆ ನಿರ್ಧಾರ ತೆಗೆದುಕೊಂಡವನನ್ನು ಹೀಯಾಳಿಸದಿರುವುದು ಗೆಳೆಯರ ಕೆಲಸ, ನೆಗಡಿ ಬಂದರೆ ದಿನ ಬದಲಿಸಿಕೊಡುವುದು ಕೇಂದ್ರಗಳ ಕೆಲಸ.

ಹೊಸಬರ ಸಿಲಿಂಡರ್ ಬೇಗ ಖಾಲಿಯಾಗುತ್ತದೆ ಎಂಬುದು ಎಲ್ಲ ತರಬೇತುದಾರರಿಗೂ ಗೊತ್ತಿರುವ ಸಂಗತಿ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಸಾಮಾನ್ಯ ಸಿಲಿಂಡರಿನ ಒಳಗಾತ್ರ 11 ಲೀಟರ್, ತುಂಬಿದ ಒತ್ತಡ 200 ಬಾರ್. ಅಂದರೆ 2,200 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟದೆ ಉಳಿಸಬೇಕಾದ್ದರಿಂದ ಬಳಕೆಗೆ ಸಿಗುವುದು 1,650 ಲೀಟರ್. ಸಮಾಧಾನದಿಂದ ನಿಮಿಷಕ್ಕೆ 15 ಲೀಟರ್ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಅದರ ಎರಡರಷ್ಟು, 30 ಲೀಟರ್ ಬೇಕು. ಅವನಿಗೆ ಆ ಗಾಳಿ 55 ನಿಮಿಷ ಬರುತ್ತದೆ. ಏದುಸಿರು ಬಿಡುತ್ತ 30 ಲೀಟರ್ ಎಳೆಯುವವನಿಗೆ ಅದೇ ಆಳದಲ್ಲಿ 60 ಲೀಟರ್ ಖರ್ಚು. 27 ನಿಮಿಷಕ್ಕೆ ಒತ್ತಡ ತೋರಿಸುವ ಮುಳ್ಳು 50ಕ್ಕೆ ಬಂದಿರುತ್ತದೆ. 20 ಮೀಟರಿಗೆ ಹೋದರೆ 18 ನಿಮಿಷ.

ಏದುಸಿರು ಬರುವುದು ಭಯದಿಂದ ಮಾತ್ರ ಅಲ್ಲ. ಹೊಳೆಯಲ್ಲಿ ಸೆಳವಿಗೆ ಎದುರಾಗಿ ಈಜುವವನ ಬಲವೆಲ್ಲ ಕೈ, ಭುಜಗಳಲ್ಲಿ. ಅವನು ಸಮುದ್ರದೊಳಗೂ ಕೈ ಬೀಸುತ್ತಾನೆ. ಸ್ಕೂಬಾದಲ್ಲಿ ಕೈಗೆ ಕೆಲಸವಿಲ್ಲ. ಎದೆಯ ಮುಂದೆ ಕಟ್ಟಿಕೊಳ್ಳಬೇಕು. ಫಿನ್ ತೊಟ್ಟ ಕಾಲನ್ನು ಸೊಂಟದಿಂದ ನಿಧಾನವಾಗಿ ಆಡಿಸಿದರೆ ಸಾಕು, ಮೈ ತಾನಾಗಿ ಮುಂದೆ ಹೋಗುತ್ತದೆ. ಕೈ ಬೀಸಿದಷ್ಟೂ ಗಾಳಿ ಖರ್ಚು, ಪಕ್ಕದವನ ಮಾಸ್ಕ್ ಕಿತ್ತುಬರುವ ಭಯ ಬೇರೆ. ಜೋರಾಗಿ ಈಜುವುದೇ ಚೆನ್ನಾಗಿ ಈಜುವುದು ಎಂದು ಬೆಳೆದವರಿಗೆ ಇದು ಒಗ್ಗಲು ಹೊತ್ತು ಹಿಡಿಯುತ್ತದೆ.

ತೂಕದ ವಿಷಯದಲ್ಲೂ ಹೀಗೆಯೇ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪ್ರತಿಶತ ಹೆಚ್ಚು ಸಾಂದ್ರ. ಮೈ ಮತ್ತು ಸಲಕರಣೆ ಸೇರಿ 100 ಕಿಲೋ ಆಗುವವನು ಈಜುಕೊಳದಲ್ಲಿ ಕಟ್ಟಿದ ಸೀಸದ ತೂಕಕ್ಕೆ ಸಮುದ್ರದಲ್ಲಿ ಎರಡೂವರೆ ಕಿಲೋ ಸೇರಿಸಬೇಕು. ಅದಕ್ಕಿಂತ ಕಡಿಮೆಯಾದರೆ ಮುಳುಗುವುದೇ ಇಲ್ಲ. ಆದರೆ ಹೊಸಬರನ್ನು ಬೇಗ ಕೆಳಗಿಳಿಸಲು ಮೂರು ನಾಲ್ಕು ಕಿಲೋ ಹೆಚ್ಚಾಗಿ ಕಟ್ಟುವ ರೂಢಿ ಇನ್ನೂ ಕೆಟ್ಟದ್ದು. ಹೆಚ್ಚು ತೂಕದವನ ಕಾಲು ಕೆಳಗೆ ಜೋಲುತ್ತದೆ, ತೇಲಲು ತೊಟ್ಟ ಜಾಕೆಟ್ಟಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಆ ಗಾಳಿ ಮೇಲೆ ಬರುವಾಗ ಹಿಗ್ಗಿ ಅವನನ್ನು ಅಂಕೆ ಮೀರಿ ಎತ್ತುತ್ತದೆ. ಸರಿಯಾದ ತೂಕ ಗೊತ್ತುಮಾಡುವ ವಿಧಾನ ಸುಲಭ. ಜಾಕೆಟ್ ಖಾಲಿ ಮಾಡಿ, ಸಾಮಾನ್ಯ ಉಸಿರು ತುಂಬಿಕೊಂಡು ನೀರಿನ ಮೇಲೆ ಅಲುಗದೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಇದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೇಳುವ ಹಕ್ಕು ಪ್ರತಿ ಹೊಸಬನಿಗೂ ಇದೆ.

ತೂಕ ಸರಿಯಿದ್ದರೆ ಹವಳಕ್ಕೂ ಕ್ಷೇಮ. ನೇತ್ರಾಣಿಯ ಹವಳದ ಮೇಲೆ ಒಬ್ಬ ಕಾಲೂರಿ ನಿಂತರೆ, ವರ್ಷಗಟ್ಟಲೆ ಬೆಳೆದದ್ದು ಆ ಕ್ಷಣದಲ್ಲಿ ಮುರಿಯುತ್ತದೆ. ಮುಟ್ಟಿದ ಕೈಗೂ ಸುರಕ್ಷೆಯಿಲ್ಲ: ಸಮುದ್ರದ ಬಂಡೆಗಳಲ್ಲಿ ಮುಳ್ಳಿಗೆ ವಿಷವಿರುವ ಲಯನ್‌ಫಿಶ್‌ನಂಥ ಮೀನುಗಳಿವೆ. ನೀರಿನೊಳಗೆ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರ, ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಆದ್ದರಿಂದ ಹೊಸಬನ ಅಂದಾಜು ತಪ್ಪುತ್ತದೆ. ಕೈ ಚಾಚದಿರುವುದೇ ಒಳ್ಳೆಯದು.

ಇನ್ನು ಮಾಸ್ಕ್. ಉತ್ತರ ಕರ್ನಾಟಕದ ಗಂಡಸರು ಇಲ್ಲಿ ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ಮಾಸ್ಕಿನೊಳಗೆ ನೀರು ಬರಲು ಮುಖ್ಯ ಕಾರಣಗಳಲ್ಲಿ ಒಂದು ಮೀಸೆ. ಮೂಗಿನ ಕೆಳಗೆ ದಟ್ಟ ಕೂದಲಿದ್ದರೆ ಸಿಲಿಕೋನ್ ಅಂಚು ಚರ್ಮಕ್ಕೆ ಅಂಟುವುದಿಲ್ಲ, ಸಂದಿನಿಂದ ನೀರು ಒಸರುತ್ತದೆ. ಮೀಸೆ ಬೋಳಿಸಬೇಕಾಗಿಲ್ಲ. ಮೂಗಿನ ಬುಡಕ್ಕೆ ತಾಗಿದಂತೆ ಒಂದು ಸಣ್ಣ ಪಟ್ಟಿಯಷ್ಟು ಕತ್ತರಿಸಿಕೊಂಡರೆ ಸಾಕು. ಹೆಂಗಸರಾದರೆ ಹಣೆಯ ಮೇಲಿನ ಕೂದಲು ಅಂಚಿನೊಳಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ಪಟ್ಟಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅತಿ ಬಿಗಿದರೆ ಅಂಚು ಮಡಚಿ ಇನ್ನಷ್ಟು ಸೋರುತ್ತದೆ. ಗಾಜು ಮಂಜಾಗದಂತೆ ಒಳಗೆ ಉಗುಳು ಸವರಿ ತೊಳೆಯುವ ಹಳೆಯ ಉಪಾಯ ಇವತ್ತಿಗೂ ನಡೆಯುತ್ತದೆ. ಬೇಬಿ ಶಾಂಪೂ ಕೂಡ ಆದೀತು. ಕನ್ನಡಕದವರಿಗೆ ನಂಬರಿನ ಗಾಜಿರುವ ಮಾಸ್ಕ್ ಸಿಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಸ್ವಲ್ಪ ನೀರು ಬಂದೇ ಬರುತ್ತದೆ. ತಲೆ ಕೊಂಚ ಮೇಲೆತ್ತಿ, ಮಾಸ್ಕಿನ ಮೇಲಂಚು ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಟ್ಟರೆ ಅದು ಕೆಳಗಿನಿಂದ ಹೊರಗೆ ಹೋಗುತ್ತದೆ. ಹೊಸಬರ ಗಾಬರಿಗೆ ಮೂಗಿಗೆ ತಾಗಿದ ಈ ನಾಲ್ಕು ಹನಿ ನೀರೇ ಎಷ್ಟೋ ಸಲ ಮೂಲ. ಈ ಒಂದು ಕೌಶಲ ಬಂದರೆ ಆ ಭಯ ಹೋಗುತ್ತದೆ.

ದೋಣಿಯ ಮೇಲಿನ ಪಾಠಗಳೂ ಕಡಿಮೆ ಮಹತ್ವದವಲ್ಲ. ಹೊಳೆಯ ದೋಣಿಯಲ್ಲಿ ಸಾವಿರ ಸಲ ದಾಟಿದವನಿಗೂ ಸಮುದ್ರದ ಅಲೆಗೆ ಹೊಟ್ಟೆ ತೊಳಸುತ್ತದೆ. ಹಿಂದಿನ ರಾತ್ರಿ ಮದ್ಯ ಬೇಡ, ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಹತ್ತಿದ ಮೇಲೆ ತೆಗೆದುಕೊಂಡರೆ ತಡವಾಯಿತು. ದೋಣಿಯ ನಡುವೆ ಕೂತು ದೂರದ ದಿಗಂತ ನೋಡುತ್ತಿರಬೇಕು. ನೀರಿನೊಳಗೆ ವಾಂತಿ ಬಂದರೂ ರೆಗ್ಯುಲೇಟರ್ ಬಾಯಲ್ಲೇ ಹಿಡಿದಿರಬೇಕು, ಅದರ ಮೂಲಕವೇ ಹೊರಗೆ ಹೋಗುತ್ತದೆ. ತೆಗೆದರೆ ಮುಂದಿನ ಉಸಿರಿಗೆ ಗಾಳಿಯ ಬದಲು ನೀರು ಒಳಗೆ ಬರುತ್ತದೆ. 2022ರ ಮೇ 24ರಂದು ತಾರಕರ್ಲಿಯ ಬಳಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಸತ್ತರು. ನೀರಿನೊಳಗಿನ ಅಪಾಯ ಮುಗಿಯಿತೆಂದು ಮೈಮರೆಯುವ ಹೊತ್ತು ಅದು. ಹೋಗುವಾಗಲೂ ಬರುವಾಗಲೂ ಲೈಫ್ ಜಾಕೆಟ್ ತೊಡಬೇಕು, ದೋಣಿಯಲ್ಲಿ ಮಿತಿ ಮೀರಿ ಜನ ತುಂಬಿದ್ದರೆ ಹತ್ತಬಾರದು. 2019ರ ಆಗಸ್ಟ್ 8ರಂದು, ಕೃಷ್ಣೆಯದೇ ಮಹಾಪೂರದಲ್ಲಿ, ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿದ್ದನ್ನು ಕಂಡ ಈ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೀರಿನೊಳಗೆ ಮಾತಾಡುವ ಕೈಸನ್ನೆಗಳ ಪೈಕಿ ಒಂದರಲ್ಲಿ ಎಲ್ಲರೂ ತಪ್ಪುತ್ತಾರೆ. ಹೆಬ್ಬೆರಳು ಮೇಲೆತ್ತಿದರೆ ಊರಿನಲ್ಲಿ ‘ಭಾರೀ ಆಯ್ತು’ ಎಂದರ್ಥ. ನೀರಿನೊಳಗೆ ಅದು ‘ಮೇಲೆ ಹೋಗೋಣ’. ಮೀನು ನೋಡಿ ಖುಷಿಯಾದ ಹುಡುಗ ಹೆಬ್ಬೆರಳು ಎತ್ತುತ್ತಾನೆ, ತರಬೇತುದಾರ ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾನೆ. ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಇಂಥ ಸೂಚನೆಗಳನ್ನೆಲ್ಲ ಅಲೆಯ ಮೇಲೆ ಹೊಯ್ದಾಡುವ ದೋಣಿಯಲ್ಲಿ, ಇಂಜಿನ್ ಸದ್ದಿನ ನಡುವೆ, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಹೇಳಿದರೆ ಯಾರ ತಲೆಗೂ ಹತ್ತುವುದಿಲ್ಲ. ಹಿಂದಿನ ಸಂಜೆಯೇ ದಂಡೆಯ ಮೇಲೆ ಕೂರಿಸಿ, ಬಂದವರ ಭಾಷೆಯಲ್ಲಿ ಒಂದು ತಾಸು ಹೇಳಬೇಕು. ಉಬ್ಬಸ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳುವ ಆರೋಗ್ಯದ ಫಾರ್ಮು ಕನ್ನಡದಲ್ಲಿರಬೇಕು. ಓದದೆ ಸಹಿ ಹಾಕಿದ ಇಂಗ್ಲಿಷ್ ಕಾಗದ ಕೇಂದ್ರಕ್ಕೆ ರಕ್ಷಣೆ ಕೊಡಬಹುದು, ಮುಳುಗುವವನಿಗೆ ಕೊಡುವುದಿಲ್ಲ. ನೇತ್ರಾಣಿ ಕರ್ನಾಟಕದ ಕಡಲಿನಲ್ಲಿದೆ. ಅಲ್ಲಿ ಕನ್ನಡದ ಸೂಚನೆಯನ್ನು ಪರವಾನಗಿಯ ಷರತ್ತಾಗಿಸಲು ಪ್ರವಾಸೋದ್ಯಮ ಇಲಾಖೆಗೆ ಕಷ್ಟವೇನಿಲ್ಲ.

ಘಟ್ಟದ ಮೇಲಿನವರಿಗೆ ಮಾತ್ರ ಅನ್ವಯಿಸುವ ಇನ್ನೊಂದು ಎಚ್ಚರಿಕೆ ಇದೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಅದು ನಿಧಾನವಾಗಿ ಹೊರಗೆ ಬರಬೇಕು. ಒತ್ತಡ ಒಮ್ಮೆಲೇ ಇಳಿದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಆಗುವಂತೆ, ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಲಕ್ವದ ತನಕ ಏನೂ ಆಗಬಹುದು. ಅದಕ್ಕೇ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು ಎನ್ನುವುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆಯಂತೆ ಒಂದು ಮುಳುಗಿನ ನಂತರ 12 ತಾಸು, ಹಲವು ಮುಳುಗುಗಳ ನಂತರ 18 ತಾಸು ವಿಮಾನ ಹತ್ತಬಾರದು. ಸುಮಾರು 600 ಮೀಟರಿಗಿಂತ ಎತ್ತರಕ್ಕೆ ರಸ್ತೆಯಲ್ಲಿ ಹೋಗುವವರಿಗೂ ಇದೇ ಎಚ್ಚರ ಬೇಕು. ಹುಬ್ಬಳ್ಳಿ ಆ ಎತ್ತರಕ್ಕಿಂತ ಮೇಲಿದೆ, ಅಂಬೋಲಿ ಇನ್ನೂ ಮೇಲೆ, ಬೆಳಗಾವಿ 700 ಮೀಟರಿಗೂ ಮೇಲೆ. ಮಧ್ಯಾಹ್ನ ಮುಳುಗಿ ಸಂಜೆ ಗಾಡಿ ಹತ್ತಿ ರಾತ್ರಿ ಊಟಕ್ಕೆ ಊರು ಸೇರುವುದು ಚಿಕ್ಕೋಡಿ ಭಾಗದವರ ರೂಢಿ. ಆಳವಿಲ್ಲದ ಒಂದೇ ಟ್ರೈ ಡೈವ್‌ಗೆ ಅಪಾಯ ಕಡಿಮೆ. ಎರಡು ಮೂರು ದಿನ ತರಬೇತಿ ಪಡೆದವರು ಮಾತ್ರ ಕೊನೆಯ ರಾತ್ರಿ ಕಡಲಿನ ಊರಿನಲ್ಲೇ ಉಳಿದು, ಮರುದಿನ ಘಾಟು ಹತ್ತಬೇಕು.

ಇದೆಲ್ಲ ಕಲಿತು ಬಂದ ಯುವಕನನ್ನು ಊರು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಯಾರೋ ಹೊಳೆಪಾಲಾದರು, ದೇಹ ಸಿಕ್ಕಿಲ್ಲ ಎಂದಾಗ ಎಲ್ಲರೂ ಅವನನ್ನೇ ಕರೆಯುತ್ತಾರೆ. ಇಲ್ಲಿ ಕಟ್ಟುನಿಟ್ಟಿನ ಮಾತು ಬೇಕು: ಸಮುದ್ರದ ಸ್ಕೂಬಾ ಪ್ರಮಾಣಪತ್ರ ಕೃಷ್ಣೆಗೆ ಇಳಿಯಲು ಪರವಾನಗಿ ಅಲ್ಲ. ಕೃಷ್ಣೆಯ ಮಳೆಗಾಲದ ನೀರಿನಲ್ಲಿ ಚಾಚಿದ ಕೈ ಕಾಣುವುದಿಲ್ಲ. ತಳದಲ್ಲಿ ಕಬ್ಬಿನ ಪಂಪ್‌ಸೆಟ್ಟುಗಳ ಪೈಪುಗಳಿವೆ, ಹರಿದ ಬಲೆಗಳಿವೆ, ಉಸುಕು ತೆಗೆದ ಗುಂಡಿಗಳಿವೆ. ಸಾಂಗಲಿಯಿಂದ ಕೆಳಗೆ ಮೊಸಳೆಗಳೂ ಇವೆ. ಎಲ್ಲಕ್ಕಿಂತ ಅಪಾಯದ್ದು ಬಾಂದಾರ. ಕೊಲ್ಹಾಪುರ ಮಾದರಿಯ ಈ ಒಡ್ಡುಗಳ ಒಂದು ಬದಿ ನೀರು ಎತ್ತರದಲ್ಲಿ ನಿಂತು, ಹಲಗೆಯ ಸಂದಿಯಲ್ಲಿ ಇನ್ನೊಂದು ಬದಿಗೆ ನುಗ್ಗುತ್ತಿರುತ್ತದೆ. ಆ ಸಂದಿಗೆ ಸೆಳೆದುಕೊಂಡವನನ್ನು ನಾಲ್ಕು ಜನ ಹಗ್ಗ ಹಿಡಿದು ಎಳೆದರೂ ಬಿಡಿಸಲಾಗದು. ವೃತ್ತಿಪರ ಮುಳುಗುಗಾರರೂ ಇದಕ್ಕೆ ಹೆದರುತ್ತಾರೆ.

ಹೆದರಬೇಕು ಎಂಬುದಕ್ಕೆ ಈಚಿನ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಗೆ ಸೇರಿತು. ನೌಕಾಪಡೆಯ ಮುಳುಗುಗಾರರು ಬಂದರು, ಉಡುಪಿಯ ಮುಳುಗುಗಾರ ಈಶ್ವರ್ ಮಲ್ಪೆ ಅವರೂ ಇಳಿದರು. ಸೆಳವಿನ ಮುಂದೆ ಕೆಲಸ ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ನೀರು ಇಳಿದ ಮೇಲೆ, ಡ್ರೆಜರ್ ತಂದು ಲಾರಿಯನ್ನು ಮೇಲೆತ್ತಿದಾಗ ಸೆಪ್ಟೆಂಬರ್ 25. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರ ಸಿಕ್ಕಿಕೊಂಡಾಗ, ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನಾನ್ ಗುಹೆಯೊಳಗೆ ಗಾಳಿಯ ಸಿಲಿಂಡರ್ ಇಟ್ಟು ಮರಳುವಾಗ ಜುಲೈ 6ರಂದು ತೀರಿಕೊಂಡರು. ಅಷ್ಟು ಪಳಗಿದವರಿಗೇ ಹೀಗಾಯಿತು. ಆ ಗುಹೆಯಿಂದ ನೀರು ಹೊರಹಾಕುವ ಕೆಲಸಕ್ಕೆ ಸಲಹೆ ಕೊಡಲು ಕಿರ್ಲೋಸ್ಕರ್ ಬ್ರದರ್ಸ್‌ನ ಪಂಪ್ ತಜ್ಞರು ಹೋಗಿದ್ದರು.  ನೀರಿಗೆ ಹಾರಿದವರಷ್ಟೇ ನೀರು ತಗ್ಗಿಸಿದವರೂ ಆ ಹುಡುಗರ ಜೀವ ಉಳಿಸಿದರು.

ಹಾಗಾದರೆ ಹೊಳೆದಂಡೆಯ ಯುವಕರಿಗೆ ಸ್ಕೂಬಾ ಏಕೆ ಕಲಿಸಬೇಕು? 2005, 2019, 2021ರ ಮಹಾಪೂರಗಳಲ್ಲಿ ಜುಗೂಳ, ಮಂಗಾವತಿಯಂಥ ಊರುಗಳಿಗೆ ಬೇರೆ ಯಾರೂ ಬರುವ ಮೊದಲು ನೀರಿಗೆ ಇಳಿದವರು ಅವರೇ. ಮುಂದಿನ ಸಲವೂ ಅವರೇ ಇಳಿಯುತ್ತಾರೆ, ಯಾರು ಬೇಡವೆಂದರೂ ಇಳಿಯುತ್ತಾರೆ. ಅವರಿಗೆ ಧೈರ್ಯ ಕಲಿಸಬೇಕಾಗಿಲ್ಲ, ಅದು ಬೇಕಾದಷ್ಟಿದೆ. ಸ್ಕೂಬಾದ ಶಿಸ್ತು ಕೊಡುವುದು ಬೇರೆ ಗುಣಗಳನ್ನು: ಇಳಿಯುವ ಮೊದಲು ಜೊತೆಗಾರನ ಸಲಕರಣೆಯನ್ನು ತಾನು, ತನ್ನದನ್ನು ಅವನು ನೋಡುವುದು, ಒಂಟಿಯಾಗಿ ಇಳಿಯದಿರುವುದು, ಗಾಳಿ ಅರ್ಧವಾದಾಗ ಮರಳುವುದು, ಯಾರೇ ಒಬ್ಬ ಬೇಡ ಎಂದರೆ ಕಾರಣ ಕೇಳದೆ ಎಲ್ಲರೂ ಹಿಂದೆ ಸರಿಯುವುದು. ಉಕ್ಕಿದ ಹೊಳೆಯ ಮುಂದೆ ನಿಂತವನಿಗೆ ಸಿಲಿಂಡರಿಗಿಂತ ಹೆಚ್ಚು ಬೇಕಾದ್ದು ಈ ತಿಳಿವಳಿಕೆ. ಇದರ ಜೊತೆಗೆ ಹಗ್ಗ ಎಸೆಯುವುದು, ದೋಣಿಗೆ ಎಷ್ಟು ಜನ ಎಂದು ಗೊತ್ತುಮಾಡುವುದು, ಉಸಿರು ನಿಂತವನಿಗೆ ಪ್ರಥಮ ಚಿಕಿತ್ಸೆ ಸೇರಬೇಕು.

ತರಬೇತಿಯ ಜಾಗಗಳು ದೂರವಿಲ್ಲ. ತಾರಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆಯಿದೆ, ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ, ಮುರುಡೇಶ್ವರದಲ್ಲಿ ನಮ್ಮದೇ ಕೇಂದ್ರಗಳಿವೆ. ಕಬ್ಬಿನ ಹಂಗಾಮು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಕಾಲೇಜಿನ ಪರೀಕ್ಷೆಗಳೂ ಹತ್ತಿರ ಹತ್ತಿರ ಮುಗಿದಿರುತ್ತವೆ. ಮೇ ಕಳೆದರೆ ಮಳೆಗಾಲದ ಕಡಲಿನಲ್ಲಿ ಸ್ಕೂಬಾ ದೋಣಿಗಳು ನಿಲ್ಲುತ್ತವೆ, ಜುಲೈಗೆ ಕೃಷ್ಣೆಗೆ ಕೊಯ್ನಾ ಅಣೆಕಟ್ಟಿನ ನೀರು ಬರತೊಡಗುತ್ತದೆ. ಏಪ್ರಿಲ್ ಒಂದೇ ಸರಿಯಾದ ತಿಂಗಳು. ಕೃಷ್ಣಾ ತೀರದ ಪ್ರತಿ ಗ್ರಾಮ ಪಂಚಾಯಿತಿಯಿಂದ ಇಬ್ಬರಂತೆ ಆರಿಸಿ, ಅಗ್ನಿಶಾಮಕ ಸಿಬ್ಬಂದಿಯ ಜೊತೆ ಒಂದೇ ತಂಡವಾಗಿ ಕಳಿಸುವುದು, ಅವರಿಗೆ ವಿಮೆ ಮಾಡಿಸುವುದು, ಯಾವ ಸಂದರ್ಭದಲ್ಲಿ ಯಾರ ಆದೇಶವಿಲ್ಲದೆ ಇಳಿಯಬಾರದು ಎಂಬುದನ್ನು ಬರೆದು ಕೊಡುವುದು ಬೆಳಗಾವಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೈಯಲ್ಲಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ನಡೆಯುವ ಪ್ರವಾಹ ಸಿದ್ಧತೆಯ ಸಭೆಯಲ್ಲಿ ದೋಣಿ, ಲೈಫ್ ಜಾಕೆಟ್ ಲೆಕ್ಕದ ಜೊತೆ ಈ ಯುವಕರ ಹೆಸರುಗಳ ಪಟ್ಟಿಯೂ ಮೇಜಿನ ಮೇಲೆ ಬರಬೇಕು.